ಮೂಗಿನ ಸಾಕ್ಷ್ಯ

1858ನೆಯ ಇಸವಿಯ ಬೇಸಗೆಯಲ್ಲಿ ಲಂಡನ್ ಪಟ್ಟಣದ ಥೇಮ್ಸ್ ನದಿಯು ಸಹಿಸಲಾರದಷ್ಟು ನಾರತೊಡಗಿತು. ಊರಿನ ಕಕ್ಕಸುಗಳ ಕೊಳಚೆಯೆಲ್ಲವೂ ಬಂದು ಬೀಳುತ್ತಿದ್ದ ಆ ನದಿಯ ದಂಡೆಯಲ್ಲಿಯೇ ಪಾರ್ಲಿಮೆಂಟಿನ ಭವನವಿದೆ. ಕಿಟಕಿಯ ಪರದೆಗಳನ್ನು ಕ್ಲೋರೈಡ್ ಸುಣ್ಣದ ನೀರಿನಲ್ಲಿ ಅದ್ದಿ ಇಳಿಬಿಟ್ಟರೂ ಸದಸ್ಯರಿಗೆ ಅಲ್ಲಿ ಕುಳಿತಿರುವುದು ದುಸ್ತರವಾಯಿತು. ವರ್ಷಗಟ್ಟಲೆ ಚರ್ಚೆಯಲ್ಲಿಯೇ ಉಳಿದಿದ್ದ ಒಳಚರಂಡಿಯ ಕೆಲಸಕ್ಕೆ ಆಗಸ್ಟ್ 2ರಂದು ಶಾಸನವಾಯಿತು. ಅದನ್ನು ನೆರವೇರಿಸುವ ಭಾರವು ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರನ ಮೇಲೆ ಬಿದ್ದಿತು. ಬುದ್ಧಿಗೆ ತಟ್ಟದ ಸಂಗತಿಯು ಕಡೆಗೆ ಮೂಗಿಗೆ ತಟ್ಟಿತಲ್ಲಾ ಎಂದು ನಾವು ನಗಬಹುದು. ಆದರೆ ಅವರನ್ನು ಕಾಡಿದುದು ಬರಿಯ ಹೇಸಿಗೆಯಲ್ಲ, ಪ್ರಾಣಭಯ. ದುರ್ಗಂಧವೇ ಕಾಲರಾವನ್ನು ಹರಡುತ್ತದೆಂಬುದು ಅಂದಿನ ಬಹುಮಂದಿ ವೈದ್ಯರ ಮತವಾಗಿತ್ತು.

ಮೂಗಿನ ಸಾಕ್ಷ್ಯವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು?

ಮೂಗಿನೊಳಗೆ ಕಾವಲುಗಾರರು ಇಬ್ಬರು. ಮೊದಲನೆಯದು ಮೇಲ್ಭಾಗದಲ್ಲಿರುವ ಘ್ರಾಣನರ. ಗಾಳಿಯೊಡನೆ ಬಂದ ಅಣುಗಳು ಅಲ್ಲಿನ ಲೋಳೆಯಲ್ಲಿ ಕರಗಿ ನರಕೋಶಗಳ ಗ್ರಾಹಕಗಳಿಗೆ ತಗಲುತ್ತವೆ. ಮನುಷ್ಯನಲ್ಲಿ ಇಂತಹ ಗ್ರಾಹಕಗಳು ಸುಮಾರು 400 ಬಗೆ. ಒಂದು ವಾಸನೆಗೆ ಒಂದೇ ಗ್ರಾಹಕವೆಂಬ ನಿಯಮವಿಲ್ಲ; ಸುಮಾರು ಐವತ್ತು ಅಕ್ಷರಗಳಿಂದ ನಾವು ನಿಘಂಟನ್ನೇ ತುಂಬುವಂತೆ, ಇವುಗಳ ಬೇರೆ ಬೇರೆ ಕೂಟಗಳಿಂದ ಮಿದುಳು ಅಸಂಖ್ಯಾತ ಗಂಧಗಳನ್ನು ಓದಿಕೊಳ್ಳುತ್ತದೆ. ಈ ಗ್ರಾಹಕಗಳ ಜೀನುಗಳನ್ನು 1991ರಲ್ಲಿ ಹೊರಗೆಡಹಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಎರಡನೆಯದು ಮುಖದ ಸ್ಪರ್ಶವನ್ನೂ ನೋವನ್ನೂ ತಿಳಿಸುವ ಐದನೆಯ ಕಪಾಲನರ. ಇದಕ್ಕೆ ಮಲ್ಲಿಗೆಯ ಕಂಪು ತಿಳಿಯದು. ಒಗ್ಗರಣೆಯಲ್ಲಿ ಸೀದ ಮೆಣಸಿನಕಾಯಿ ತಿಳಿಯುತ್ತದೆ. ವಾಸನೆ ಬೇರೆ, ಘಾಟು ಬೇರೆ ಎಂಬ ಈ ಭೇದವನ್ನು ನಮ್ಮ ಹೆಂಗಸರ ಅಡಿಗೆಮನೆಯ ಮಾತು ಶರೀರಶಾಸ್ತ್ರದ ನೆರವಿಲ್ಲದೆಯೇ ಗುರುತಿಸಿದೆ. ಘ್ರಾಣಶಕ್ತಿಯನ್ನು ಪೂರ್ತಿ ಕಳೆದುಕೊಂಡವನಿಗೂ ಅಮೋನಿಯವು ಮೂಗನ್ನು ಚುಚ್ಚುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ.

1884ರಲ್ಲಿ ರಾಬರ್ಟ್ ಕಾಕನು ಕಲ್ಕತ್ತೆಯಿಂದ ವರದಿ ಮಾಡಿದ ಕಾಲರಾ ಕ್ರಿಮಿಯನ್ನು ಈ ಇಬ್ಬರು ಕಾವಲುಗಾರರೂ ಹಿಡಿಯಲಾರರು. ಅದು ಬಾಯಿಯ ದಾರಿಯಲ್ಲಿ, ನೀರಿನೊಡನೆ, ಒಳಗೆ ಬರುತ್ತದೆ. ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿಯೇ ಬ್ರಾಡ್ ಸ್ಟ್ರೀಟಿನ ಪಂಪನ್ನು ತೋರಿಸಿ ಹೀಗೆಂದು ವಾದಿಸಿದ್ದನು, ಕೇಳಿದವರು ಕೆಲವರೇ. ಆದರೂ ನಾತಕ್ಕೆ ಹೆದರಿ ಕಟ್ಟಿದ ಚರಂಡಿಯು ಕುಡಿಯುವ ನೀರನ್ನು ಕಾಪಾಡಿತು. 1866ರಲ್ಲಿ ಕಾಲರಾ ಮರಳಿ ಬಂದಾಗ ಅದು ಹೆಚ್ಚಾಗಿ ಹಬ್ಬಿದ್ದು ಚರಂಡಿಯ ಕೆಲಸವಿನ್ನೂ ಮುಗಿಯದಿದ್ದ ಪೂರ್ವಭಾಗದಲ್ಲಿ. ತಪ್ಪು ತರ್ಕದಿಂದ ಇಷ್ಟು ದೊಡ್ಡ ಸತ್ಫಲವು ದೊರೆತ ನಿದರ್ಶನಗಳು ಚರಿತ್ರೆಯಲ್ಲಿ ವಿರಳವೆಂದೇ ನಮ್ಮ ಎಣಿಕೆ.

ನಾರುವುದೆಲ್ಲವೂ ಕೊಲ್ಲುವುದಿಲ್ಲವೆಂದಾಯಿತು, ಕೊಲ್ಲುವುದೆಲ್ಲವೂ ನಾರುವುದಿಲ್ಲವೆಂಬುದು ಅದಕ್ಕಿಂತ ಘೋರವಾದ ಪಾಠ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯೊಂದರ ನೆಲದಡಿಯಲ್ಲಿ ಭೂಮಿಯ ಸಹಜಾನಿಲವು ಸೋರಿ ತುಂಬಿಕೊಂಡಿತ್ತು. ಅದಕ್ಕೆ ವಾಸನೆಯಿಲ್ಲ, ಘಾಟೂ ಇಲ್ಲ; ಯಾರಿಗೂ ಸುಳಿವು ಸಿಗಲಿಲ್ಲ. ಒಂದು ಕಿಡಿಗೆ ಶಾಲೆಯು ಸಿಡಿದು, ಸುಮಾರು 300 ಮಂದಿ ಮಕ್ಕಳೂ ಉಪಾಧ್ಯಾಯರೂ ಮಡಿದರು. ಅನಿಲಕ್ಕೆ ದುರ್ಗಂಧವನ್ನು ಬೆರಸಲೇಬೇಕೆಂದು ಆ ಪ್ರಾಂತದಲ್ಲಿ ಅದೇ ವರ್ಷ ಕಾನೂನಾಯಿತು. ಇಂದು ನಮ್ಮ ಅಡಿಗೆಮನೆಯ ಸಿಲಿಂಡರು ಸೋರಿದಾಗ ಮೂಗಿಗೆ ಬಡಿಯುವ ಕೊಳೆತ ನಾತವೂ ಅನಿಲದ್ದಲ್ಲ. ಎಥಿಲ್ ಮರ್ಕಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೇಕೆಂದೇ ಅದರಲ್ಲಿ ಬೆರಸಿರುತ್ತಾರೆ.