ಸ್ಕ್ಯಾನಿಂಗ್ ಯಂತ್ರದೊಳಗೆ ಸುತ್ತಿಗೆ ಬಡಿಯುವವರು ಯಾರು?

ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಮಂಗಳೂರಿಗೆ ಹೋಗಿ ಬಂದಿದ್ದಳು. ಬೆನ್ನುನೋವಿಗೆಂದು ಅಜ್ಜಿಗೆ ಎಂ.ಆರ್.ಐ. ಮಾಡಿಸಿದ್ದರಂತೆ. ಮರುದಿನ ಕ್ಲಾಸಿನಲ್ಲಿ ಅವಳ ಪ್ರಶ್ನೆ ಬಂತು: "ಟೀಚರ್, ಮೆಷಿನಿನ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದಾಗ್ತಿತ್ತಂತೆ. ಅಜ್ಜಿ ತುಂಬಾ ಹೆದರಿದ್ರು. ಅದು ಎಂತ ಸದ್ದು?"

ನಮಗೆ ಉತ್ತರ ಗೊತ್ತಿರಲಿಲ್ಲ. ಓದಿ ಹೇಳುತ್ತೇವೆ ಎಂದೆವು. ಆಗ ಅವಳೇ, "ಪರವಾಗಿಲ್ಲ ಟೀಚರ್, ನಾನು ಪ್ಲಸ್ ವನ್‌ಗೆ ಸೈನ್ಸ್ ತೆಗೊಳ್ಳುವುದಿಲ್ಲ. ಕನ್ನಡ ಮೀಡಿಯಂನವರಿಗೆ ಅದು ಆಗ್ಲಿಕ್ಕಿಲ್ಲ ಅಂತ ಎಲ್ರೂ ಹೇಳ್ತಾರೆ" ಎಂದಳು. ಸದ್ದಿನ ಪ್ರಶ್ನೆಗಿಂತ ಈ ಮಾತೇ ನಮ್ಮನ್ನು ಹೆಚ್ಚು ಕಾಡಿತು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಕುಳಿತು ಹುಡುಕಿ ಓದಿದೆವು. ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಮೈಯಲ್ಲಿ ನೀರು ತುಂಬಿದೆ, ನೀರಿನಲ್ಲಿ ಹೈಡ್ರೋಜನ್ ಇದೆ. ಹೈಡ್ರೋಜನ್ನಿನ ಒಂದೊಂದು ನ್ಯೂಕ್ಲಿಯಸ್ಸೂ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸರಿಯಾದ ಆವೃತ್ತಿಯ ರೇಡಿಯೋ ತರಂಗ ಹಾಯಿಸಿದರೆ ಅದು ಶಕ್ತಿಯನ್ನು ಹೀರಿಕೊಂಡು ಮತ್ತೆ ಸಂಕೇತ ಕೊಡುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಮೇಲೇರುತ್ತದಲ್ಲವೇ, ಹಾಗೆ. ಪಾಠಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಇದೇ ಅನುರಣನ.

ಇದನ್ನು ಮೊದಲು ಕಂಡವರಾರೂ ವೈದ್ಯರಲ್ಲ, ಭೌತವಿಜ್ಞಾನಿಗಳು. 1938ರಲ್ಲಿ ನ್ಯೂಯಾರ್ಕಿನ ಇಸಿಡೋರ್ ರಾಬಿ ಅಣುಗಳ ಕಿರಣದಲ್ಲಿ ಇದನ್ನು ಅಳೆದರು. 1946ರಲ್ಲಿ ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ತಂಡಗಳು ಬೇರೆ ಬೇರೆಯಾಗಿ, ಒಬ್ಬರು ನೀರಿನಲ್ಲಿ, ಇನ್ನೊಬ್ಬರು ಪ್ಯಾರಾಫಿನ್ ಮೇಣದಲ್ಲಿ, ಇದನ್ನು ತೋರಿಸಿಕೊಟ್ಟವು. ಇವರಿಬ್ಬರಿಗೂ 1952ರ ನೊಬೆಲ್ ಬಂತು.

ಮುಂದಿನ ಸಂಗತಿ ಓದುವಾಗ ನಮಗೆ ಬಹಳ ಸಂತೋಷವಾಯಿತು. ಬ್ಲಾಕ್ ಮತ್ತು ಪರ್ಸೆಲ್ ಅವರ ಪ್ರಯೋಗ ಮುಗಿದು ಐದೇ ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬವರು ಹರಿಯುವ ದ್ರವದಲ್ಲಿ ಈ ಅನುರಣನವನ್ನು ಅಳೆದು ಪ್ರಕಟಿಸಿದರು. ದ್ರವ ಹರಿಯುವಾಗ ದಣಿದ ನ್ಯೂಕ್ಲಿಯಸ್‌ಗಳ ಜಾಗಕ್ಕೆ ಹೊಸವು ಬರುವುದರಿಂದ ಸಂಕೇತ ಬದಲಾಗುತ್ತದೆ. ಇಂದು ಸೂಜಿ ಚುಚ್ಚದೆಯೇ ರಕ್ತನಾಳಗಳ ಚಿತ್ರ ತೆಗೆಯುವ ವಿಧಾನಗಳ ಹಿಂದೆ ಇದೇ ತತ್ವವಿದೆ. ಆ ಇತಿಹಾಸ ಬರೆಯುವವರು ಸೂರ್ಯನ್ ಅವರ ಪ್ರಬಂಧವನ್ನು ಮೊದಲಿಗೇ ನೆನೆಯುತ್ತಾರೆ. ಆದರೆ ನಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿಲ್ಲ. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ.

ಇಷ್ಟಾದರೂ ಸಂಕೇತ ಬಂತೇ ಹೊರತು ಚಿತ್ರ ಬರಲಿಲ್ಲ. 1971ರಲ್ಲಿ ಅಮೆರಿಕದ ವೈದ್ಯ ರೇಮಂಡ್ ಡಮೇಡಿಯನ್ ಅವರು ಇಲಿಗಳ ಗಡ್ಡೆಯಿಂದ ಬರುವ ಸಂಕೇತ ಆರೋಗ್ಯವಂತ ಅಂಗಾಂಶದ ಸಂಕೇತಕ್ಕಿಂತ ಬೇರೆ ಎಂದು ತೋರಿಸಿದರು. ಆದರೆ ಅದು ದೇಹದ ಯಾವ ಮೂಲೆಯಿಂದ ಬಂತು ಎಂದು ತಿಳಿಯುವುದು ಹೇಗೆ? ಪಾಲ್ ಲಾಟರ್‌ಬರ್ ಉಪಾಯ ಕಂಡುಕೊಂಡರು. ಕಾಂತಕ್ಷೇತ್ರವನ್ನು ಒಂದು ಕಡೆ ಸ್ವಲ್ಪ ಹೆಚ್ಚು, ಇನ್ನೊಂದು ಕಡೆ ಸ್ವಲ್ಪ ಕಡಿಮೆ ಮಾಡಿದರೆ ಒಂದೊಂದು ಜಾಗದ ಸಂಕೇತವೂ ಒಂದೊಂದು ಆವೃತ್ತಿಯಲ್ಲಿ ಬರುತ್ತದೆ. ಆವೃತ್ತಿ ನೋಡಿ ಜಾಗ ಹೇಳಬಹುದು! ನೀರು ತುಂಬಿದ ಎರಡು ಸಣ್ಣ ಗಾಜಿನ ನಳಿಗೆಗಳ ಚಿತ್ರವನ್ನು ಅವರು ಹೀಗೆ ತೆಗೆದರು. 'ನೇಚರ್' ಪತ್ರಿಕೆ ಆ ಲೇಖನವನ್ನು ಮೊದಲು ತಿರಸ್ಕರಿಸಿತು. ಅವರು ಪಟ್ಟುಹಿಡಿದ ಮೇಲೆ 1973ರಲ್ಲಿ ಪ್ರಕಟಿಸಿತು.

ಅಜ್ಜಿ ಕೇಳಿದ ಸದ್ದಿನ ಗುಟ್ಟು ಇಲ್ಲೇ ಇದೆ. ಕಾಂತಕ್ಷೇತ್ರವನ್ನು ಹೀಗೆ ಹೆಚ್ಚುಕಡಿಮೆ ಮಾಡಲು ಯಂತ್ರದೊಳಗೆ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ತನ್ನು ಬೇಗಬೇಗನೆ ಬದಲಾಯಿಸುತ್ತಿರಬೇಕು. ಸುತ್ತಲಿನ ದೊಡ್ಡ ಅಯಸ್ಕಾಂತವೋ ಹಲವು ಯಂತ್ರಗಳಲ್ಲಿ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಅಂಥ ಬಲದ ನಡುವೆ ಪ್ರತಿ ಬದಲಾವಣೆಗೂ ಸುರುಳಿಗಳು ಅದುರುತ್ತವೆ. ಬಡಿತ ಕೇಳಿಸುವುದು ಅದರಿಂದ.

ಇನ್ನು ಪೀಟರ್ ಮ್ಯಾನ್ಸ್‌ಫೀಲ್ಡ್ ಕತೆ. ಲಂಡನ್ನಿನ ಈ ಹುಡುಗ 15ನೇ ವಯಸ್ಸಿಗೇ ಶಾಲೆ ಬಿಟ್ಟವನು. ವಿಜ್ಞಾನದ ಆಸೆ ಹೇಳಿಕೊಂಡಾಗ, ನಿನ್ನ ಓದಿಗೆ ಅದು ಆಗದು, ಬೇರೆ ಕೆಲಸ ನೋಡಿಕೋ ಎಂಬ ಸಲಹೆ ಸಿಕ್ಕಿತ್ತು. ಅವನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದ, ಸಂಜೆ ತರಗತಿಗಳಲ್ಲಿ ಓದಿದ, 1959ರಲ್ಲಿ ಪದವಿ ಪಡೆದ. ಮುಂದೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಚಿತ್ರವನ್ನು ಅತಿ ವೇಗವಾಗಿ ತೆಗೆಯುವ ಗಣಿತವನ್ನು ರೂಪಿಸಿದವರು ಇವರೇ. 1978ರಲ್ಲಿ, ಅಪಾಯವಿರಬಹುದು ಎಂಬ ಎಚ್ಚರಿಕೆ ಇದ್ದರೂ, ತಾವೇ ಯಂತ್ರದೊಳಗೆ ಹೊಕ್ಕು ತಮ್ಮ ಹೊಟ್ಟೆಯ ಚಿತ್ರ ತೆಗೆಸಿಕೊಂಡರು.

ಅದಕ್ಕೂ ಮುನ್ನ, 1977ರ ಜುಲೈಯಲ್ಲಿ, ಡಮೇಡಿಯನ್ ತಂಡ ಮನುಷ್ಯನ ಎದೆಯ ಒಂದು ಚಿತ್ರಕ್ಕೆ ಐದು ಗಂಟೆಯ ಹತ್ತಿರ ತೆಗೆದುಕೊಂಡಿತ್ತು. 1980ರಲ್ಲಿ ಸ್ಕಾಟ್‌ಲ್ಯಾಂಡಿನ ಅಬರ್ಡೀನ್‌ನಲ್ಲಿ ಜಾನ್ ಮಲ್ಲಾರ್ಡ್ ಅವರ ತಂಡ ಚಿಕಿತ್ಸೆಗೆ ನಿಜಕ್ಕೂ ಉಪಯೋಗವಾಗುವಂಥ ಚಿತ್ರವನ್ನು ರೋಗಿಯೊಬ್ಬರಿಂದ ತೆಗೆಯಿತು. 2003ರ ನೊಬೆಲ್ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಪಾಲಾಯಿತು. ತಮ್ಮನ್ನು ಬಿಟ್ಟದ್ದು ಅನ್ಯಾಯವೆಂದು ಡಮೇಡಿಯನ್ ಕಡೆಯವರು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟರು. ಆ ವಾದ ಇನ್ನೂ ಪೂರ್ತಿ ತಣ್ಣಗಾಗಿಲ್ಲ.

ಇದನ್ನೆಲ್ಲ ನಾವು ಕ್ಲಾಸಿನಲ್ಲಿ ಕನ್ನಡದಲ್ಲೇ ಹೇಳಿದೆವು. ಉಯ್ಯಾಲೆಯ ಉದಾಹರಣೆಯಿಂದ ಅನುರಣನ ಎಲ್ಲರಿಗೂ ಅರ್ಥವಾಯಿತು. ಪ್ಲಸ್ ವನ್‌ನಲ್ಲಿ ಇದೇ ವಿಷಯ ಇಂಗ್ಲಿಷಿನಲ್ಲಿ ಬರುತ್ತದೆ, ಮೊದಲ ಕೆಲವು ತಿಂಗಳು ಕಷ್ಟವಾಗುತ್ತದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಆಗ ಕಲಿಯಬೇಕಾದದ್ದು ಹೊಸ ಪದಗಳನ್ನು ಮಾತ್ರ, ಅರ್ಥ ಆಗಲೇ ಮಕ್ಕಳ ಬಳಿ ಇರುತ್ತದೆ. ನಿನ್ನಿಂದ ಆಗದು ಎಂದು ಮ್ಯಾನ್ಸ್‌ಫೀಲ್ಡ್‌ಗೆ ಹೇಳಿದವರ ಸಾಲಿಗೆ ಅಧ್ಯಾಪಕರಾದ ನಾವು, ಹೆತ್ತವರಾದ ನೀವು ಸೇರದಿದ್ದರೆ ಸಾಕು.

ಹುಡುಗಿ ಇನ್ನೂ ಏನನ್ನೂ ನಿರ್ಧರಿಸಿಲ್ಲ. ಆದರೆ ಮನೆಗೆ ಹೋಗಿ ಸದ್ದಿನ ಕಾರಣವನ್ನು ಅಜ್ಜಿಗೆ ವಿವರಿಸಿದ್ದಾಳೆ. "ಇನ್ನೊಂದು ಸಲ ಹೋಗಬೇಕಾದ್ರೆ ಹೆದರುವುದಿಲ್ಲ" ಅಂದರಂತೆ ಅಜ್ಜಿ.