ಪಾಳಿ ಬದಲಾಗುವ ಹೊತ್ತು



1988ರಲ್ಲಿ ನಮ್ಮ ತಾಯಿಯವರನ್ನು ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಒಂದು ರಾತ್ರಿ ಗ್ಲೂಕೋಸಿನ ಸೂಜಿ ಜಾರಿ, ಬೆಳಗಾಗುವಷ್ಟರಲ್ಲಿ ಅವರ ಕೈ ಊದಿಕೊಂಡಿತ್ತು. ನಾನು ಕೂಗಾಡಿದೆ. ಬೆಳಗಿನ ಪಾಳಿಗೆ ಬಂದ ಹಿರಿಯ ಸಿಸ್ಟರ್ ಮೊದಲು ಸೂಜಿ ತೆಗೆದು, ಕೈಯನ್ನು ದಿಂಬಿನ ಮೇಲಿರಿಸಿ, ನಮ್ಮ ಕ್ಷಮೆ ಕೋರಿದರು. ಬಳಿಕ ಅಳುತ್ತಿದ್ದ ಕಿರಿಯ ಶುಶ್ರೂಷಕಿಯನ್ನು ಪಕ್ಕಕ್ಕೆ ಕರೆದು ಕೇಳಿದರು: "ಏನಾಯ್ತಮ್ಮ? ಆಗ ನೀನು ಎಲ್ಲಿದ್ದೆ? ಇನ್ನು ಮುಂದೆ ಹೇಗೆ ಮಾಡೋಣ?" ಆಕೆ ಒಬ್ಬಳೇ ಎರಡು ವಾರ್ಡುಗಳನ್ನು ನೋಡಿಕೊಳ್ಳುತ್ತಿದ್ದಳೆಂಬುದು ಆಗ ತಿಳಿಯಿತು. ಅಂದಿನಿಂದ ಗಂಟೆಗೊಮ್ಮೆ ಸೂಜಿಯನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುವ ಕ್ರಮ ಆ ವಾರ್ಡಿನಲ್ಲಿ ಬಂತು.

ಶುಶ್ರೂಷಕಿಯರ ಈ ಕೊರತೆಗೆ ದೀರ್ಘ ಇತಿಹಾಸವಿದೆ. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನಲ್ಲಿ ತರಬೇತಿ ಶಾಲೆ ತೆರೆದುದು 1860ರಲ್ಲಿ. ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳನ್ನು ಹಸಿರಾಗಿಸಿದ ಕಾಲದಲ್ಲಿ ಮಲೇರಿಯಾವೂ ನಮ್ಮವರನ್ನು ಕಾಡಿತು. ಆರೈಕೆ ಮಾಡಬಲ್ಲ ತರಬೇತಾದವರು ಮಾತ್ರ ವಿರಳ. ಬ್ರಿಟಿಷ್ ಭಾರತದಲ್ಲಿ 43,000 ಜನರಿಗೆ ಒಬ್ಬ ನರ್ಸ್ ಎಂದು 1946ರ ಭೋರ್ ಸಮಿತಿ ಲೆಕ್ಕ ಹಾಕಿತ್ತು. ಮರುವರ್ಷ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂತು.

ಮಾಡಿದ ಕೆಲಸವನ್ನು ಹಿಂತಿರುಗಿ ನೋಡಿ ಕಲಿಯುವ ವಿಚಾರಕ್ಕೆ ಡೊನಾಲ್ಡ್ ಶೋನ್ 1983ರಲ್ಲಿ ಒಂದು ಗ್ರಂಥವನ್ನೇ ಬರೆದರು. 1988ರಲ್ಲಿ ಗ್ರಹಾಂ ಗಿಬ್ಸ್ ಅದಕ್ಕೆ ಆರು ಹಂತಗಳ ಚಕ್ರವೊಂದನ್ನು ರೂಪಿಸಿದರು: ನಡೆದುದೇನು, ಅನಿಸಿದ್ದೇನು, ಒಳಿತು ಕೆಡುಕೇನು, ಕಾರಣವೇನು, ಕಲಿತುದೇನು, ಮುಂದೇನು. ನರ್ಸಿಂಗ್ ಶಿಕ್ಷಣದಲ್ಲಿ ಇದು ಪ್ರಸಿದ್ಧ. ಅದೇ ವರ್ಷ ನಮ್ಮ ಸಿಸ್ಟರ್ ಅದರ ಸಾರವನ್ನು ಮೂರು ಪ್ರಶ್ನೆಗಳಲ್ಲಿ ಆಡಿ ತೋರಿಸಿದ್ದರು. ಹಿರಿಯರು ಗದರದಿದ್ದರೆ ಕಿರಿಯರು ತಪ್ಪನ್ನು ಮುಚ್ಚಿಡುವುದಿಲ್ಲ. ಮುಚ್ಚಿಡದ ತಪ್ಪು ಮುಂದಿನ ರೋಗಿಯನ್ನು ಕಾಯುತ್ತದೆ.

ಅಂದು ನನಗೆ ಹೊಳೆದುದು ಬೇರೆಯೇ. ಅದಕ್ಕೆ ಕೆಲವೇ ತಿಂಗಳ ಹಿಂದೆ, ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗನೊಬ್ಬನಿಗೆ ಬೆತ್ತದ ಏಟು ಕೊಟ್ಟಿದ್ದೆ. ಅವನು ರಾತ್ರಿಯಿಡೀ ಆಲೆಮನೆಯಲ್ಲಿ ದುಡಿದು ಬಂದಿದ್ದನೆಂದು ಆಮೇಲೆ ಯಾರೋ ಹೇಳಿದರು. "ಏನಾಯ್ತಪ್ಪ?" ಎಂದು ನಾನು ಕೇಳಿರಲಿಲ್ಲ. ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ ಬೆತ್ತ ಹಿಡಿಯಲಿಲ್ಲ. ಆದರೆ ಅವನಲ್ಲಿ ಕ್ಷಮೆ ಕೇಳುವ ಧೈರ್ಯವೂ ಬರಲಿಲ್ಲ.

ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ಅಂದಿನ ಪ್ರಶ್ನೆಯನ್ನು ಇಂದು ಕೇಳುತ್ತಿದ್ದೇನೆ. ನಿನ್ನ ಮೇಷ್ಟ್ರನ್ನು ಕ್ಷಮಿಸು.