ನಾಗರಿಕರ ವರದಿ ಪಟ್ಟಿ (ಬೆಂಗಳೂರು)

ನೀರು, ವಿದ್ಯುತ್, ದೂರವಾಣಿ, ಆಸ್ಪತ್ರೆ ಮುಂತಾದ ಸಾರ್ವಜನಿಕ ಸೇವೆಗಳಿಗೆ ಬಳಕೆದಾರರೇ ಅಂಕ ಕೊಡುವ ಸಮೀಕ್ಷಾ ಪದ್ಧತಿ. ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ 1993ರಲ್ಲಿ ಇದನ್ನು ಆರಂಭಿಸಿದರು. 1994ರಲ್ಲಿ ಹುಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಇದನ್ನು 1999 ಮತ್ತು 2003ರಲ್ಲಿ ಮುಂದುವರಿಸಿತು. ಬಡಾವಣೆಗಳ ಮಧ್ಯಮವರ್ಗದವರನ್ನೂ ಕೊಳೆಗೇರಿ ನಿವಾಸಿಗಳನ್ನೂ ಬೇರೆಬೇರೆಯಾಗಿ ಕೇಳಿದ್ದೇ ಇದರ ಜಾಣತನ. ಮನೆಯ ನಲ್ಲಿಗೆ ಬಂದ ತಪ್ಪು ಬಿಲ್ ತಿದ್ದಿಸಲು ಕಚೇರಿಗೆ ಅಲೆಯುವವರ ದೂರು ಒಂದಾದರೆ, ಬೀದಿನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾಯುವವರದು ಇನ್ನೊಂದು. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಯಾರ ಪಾಡೂ ಕಾಣುವುದಿಲ್ಲ. ಲಂಚದ ಬಗೆಗೂ ನೇರವಾಗಿಯೇ ಕೇಳಲಾಯಿತು. ಮೊದಲ ಪಟ್ಟಿಯಲ್ಲಿ ಯಾವ ಸಂಸ್ಥೆಗೂ ಹೇಳಿಕೊಳ್ಳುವಂಥ ಅಂಕ ಬರಲಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ತೀರಾ ಕೆಳಗಿತ್ತು. ಪತ್ರಿಕೆಗಳು ಫಲಿತಾಂಶವನ್ನು ಎತ್ತಿ ಪ್ರಕಟಿಸಿದವು. 2003ರ ಹೊತ್ತಿಗೆ ಜನರ ತೃಪ್ತಿ ಗಣನೀಯವಾಗಿ ಏರಿತ್ತು.